ಟ್ಯಾಮ್ಸುಲೋಸಿನ್: ನಿದ್ದೆ ಕೊಟ್ಟಿತು, ಕಣ್ಣಿನ ವಿಷಯ ಮಾತ್ರ ಯಾರೂ ಹೇಳಲಿಲ್ಲ

ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿದೆ ಅಂತ ಡಾಕ್ಟರು ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ. ಕ್ಯಾಪ್ಸೂಲ್ ಬರೆದುಕೊಟ್ಟು ವರ್ಷಗಳೇ ಆದವು. ಅದಕ್ಕೆ ಮುಂಚೆ ರಾತ್ರಿಯಿಡೀ ಹಾಸಿಗೆಗೂ ಬಚ್ಚಲಿಗೂ ಓಡಾಟ. ಬಸ್ ಹತ್ತಬೇಕೆಂದರೆ ಮುಂದಿನ ಸ್ಟ್ಯಾಂಡಿನಲ್ಲಿ ಶೌಚಾಲಯ ಇದೆಯೋ ಅನ್ನೋದೇ ಚಿಂತೆ. ಮಾತ್ರೆ ಶುರುವಾದ ವಾರದಲ್ಲೇ ಅದೆಲ್ಲ ಹಗುರಾಯಿತು.

ಊಟದ ಕೊನೆಗೆ ಮಜ್ಜಿಗೆ ಅನ್ನ, ತಟ್ಟೆ ತೊಳೆದಿಟ್ಟು, ಬಾಗಿಲ ಚಿಲಕ ಹಾಕಿ, ಟಿ.ವಿ.ಯಲ್ಲಿ ವಾರ್ತೆ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಆಗಿರುತ್ತದೆ. ಆಗ ಕ್ಯಾಪ್ಸೂಲ್. ಬರಿಹೊಟ್ಟೆಯಲ್ಲಿ ನುಂಗಿದರೆ ಔಷಧ ರಕ್ತಕ್ಕೆ ಹೆಚ್ಚು ಸೇರಿ ತಲೆ ಸುತ್ತುತ್ತದೆ. ಏಕಾದಶಿಯ ದಿನ ನಮ್ಮ ಮನೆಯವಳು, "ಅವಲಕ್ಕಿಯಾದ್ರೂ ತಿಂದು ತಗೊಳ್ರೀ" ಅಂತ ತಟ್ಟೆ ಮುಂದಿಡುತ್ತಾಳೆ. ಔಷಧ ನಿಧಾನಕ್ಕೆ ಬಿಡುವಂತೆ ಮಾಡಿರುವುದರಿಂದ ಕ್ಯಾಪ್ಸೂಲ್ ಬಿಚ್ಚಬಾರದು, ಜಗಿಯಬಾರದು.

ಮೂತ್ರಕೋಶದ ಬಾಯಿ ಮತ್ತು ಪ್ರಾಸ್ಟೇಟಿನ ಸ್ನಾಯು ಬಿಗಿಯುವುದು ಆಲ್ಫಾ-1ಎ ಗ್ರಾಹಕಗಳಿಂದ, ಅಂದರೆ ಬಿಗಿಯುವ ಸಂದೇಶ ಹಿಡಿಯುವ ಜಾಗಗಳಿಂದ. ಈ ಔಷಧ ಮುಖ್ಯವಾಗಿ ಅವನ್ನೇ ತಡೆಯುತ್ತದೆ. ಹಾಗಾಗಿ ಇದೇ ಬಗೆಯ ಹಳೆಯ ಔಷಧ ಪ್ರಜೋಸಿನ್‌ನಷ್ಟು ಬಿ.ಪಿ. ಇಳಿಸುವುದಿಲ್ಲ. ಆದರೂ ಹಾಸಿಗೆಯಿಂದ ದಡಕ್ಕನೆ ಎದ್ದರೆ ಕಣ್ಣು ಕತ್ತಲೆ ಬರುತ್ತೆ. ಮೂಗು ಕಟ್ಟುವುದುಂಟು. ಕೆಲವರಿಗೆ ವೀರ್ಯ ಕಡಿಮೆಯಾಗುತ್ತದೆ, ನಿಂತೂ ಹೋಗಬಹುದು. ಈ ವಯಸ್ಸಿನಲ್ಲಿ ನನಗದು ದೊಡ್ಡ ವಿಷಯವಲ್ಲ, ಮೂವತ್ತೈದರವರು ಕೇಳಿಕೊಂಡೇ ಶುರುಮಾಡಲಿ.

ಸಿಟ್ಟು ಬಂದದ್ದು ಕಣ್ಣಿನ ಪೊರೆಗೆ ಆಪರೇಷನ್ ಅಂದಾಗ. ಕಣ್ಣಿನ ಡಾಕ್ಟರ ಮೊದಲ ಪ್ರಶ್ನೆಯೇ, "ಮೂತ್ರದ ಮಾತ್ರೆ ಏನಾದ್ರೂ ತಗೋತೀರಾ?" ಕಣ್ಣಪಾಪೆ ಅರಳಿಸುವ ಸ್ನಾಯುವಿನಲ್ಲೂ ಅದೇ 1ಎ ಗ್ರಾಹಕ ಇದೆಯಂತೆ. ಆಪರೇಷನ್ ನಡುವೆ ಪಾಪೆ ಕುಗ್ಗುತ್ತದೆ, ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಸಡಿಲವಾಗಿ ಅಲುಗಾಡುತ್ತದೆ. 2005ರಲ್ಲೇ ಅಮೆರಿಕದ ಚಾಂಗ್, ಕ್ಯಾಂಪ್‌ಬೆಲ್ ಎಂಬ ಕಣ್ಣಿನ ವೈದ್ಯರು ಇದನ್ನು ಬರೆದಿದ್ದಾರೆ! ಮಾತ್ರೆ ಬರೆದವರೂ ಹೇಳಲಿಲ್ಲ, ಮಾರಿದವರೂ ಹೇಳಲಿಲ್ಲ. ಅಂಗಡಿಯವನು ಸ್ಟ್ರಿಪ್ ಕತ್ತರಿಸಿ ಕೊಡುತ್ತಾನೆ, ಎಚ್ಚರಿಕೆ ಅಚ್ಚಾದ ಚೀಟಿ ಡಬ್ಬಿಯಲ್ಲೇ ಉಳಿಯುತ್ತದೆ.

ಆಪರೇಷನ್‌ಗೆ ನಾಲ್ಕು ದಿನ ಮೊದಲು ಮಾತ್ರೆ ಬಿಟ್ಟರೂ ಅಪಾಯ ಪೂರ್ತಿ ಹೋಗುವುದಿಲ್ಲವಂತೆ. ಮೊದಲೇ ಗೊತ್ತಿದ್ದರೆ ಕಣ್ಣೊಳಗೆ ಹಾಕುವ ಔಷಧ, ಪಾಪೆ ಹಿಡಿದಿಡುವ ಸಣ್ಣ ಕೊಕ್ಕೆ ಸಿದ್ಧ ಇಟ್ಟುಕೊಳ್ಳುತ್ತಾರೆ. ನನ್ನದು ಸುಸೂತ್ರವಾಗಿ ಆಯಿತು. ಪೊರೆ ಇದೆ ಅಂತ ಗೊತ್ತಿರುವವರು ಈ ಮಾತ್ರೆ ಶುರುಮಾಡುವ ಮುಂಚೆಯೇ ಎರಡೂ ಡಾಕ್ಟರಿಗೆ ಹೇಳಿಬಿಡಿ.

ಐದಕ್ಕೆ ನಾಲ್ಕು ಸ್ಟಾರ್. ಇದು ಬಿಗಿ ಸಡಿಲಿಸುತ್ತದೆ ಅಷ್ಟೆ, ಪ್ರಾಸ್ಟೇಟ್ ಕುಗ್ಗಿಸುವುದಿಲ್ಲ. ಕುಗ್ಗಿಸಲು ಡ್ಯುಟಾಸ್ಟರೈಡ್ ಎಂಬ ಇನ್ನೊಂದು ಔಷಧ ಸೇರಿಸೋಣ ಅಂತಿದ್ದಾರೆ, ಫಲ ಕಾಣಲು ತಿಂಗಳುಗಳೇ ಬೇಕಂತೆ. ಪೆನ್ಷನ್ ನೋಡಿಕೊಂಡು ತೀರ್ಮಾನ ಮಾಡಬೇಕು.