‘ಸ್ಕ್ರೀನ್ ರೀಡರ್‌ಗೆ ಸಂಪೂರ್ಣ ಹೊಂದಿಕೆ’ ಎಂಬ ಮಾತಿಗೆ ದುಡ್ಡು ಕಟ್ಟುವ ಮೊದಲು

ಕಂಪ್ಯೂಟರಿನಲ್ಲಿರುವ ಹಾಡುಗಳನ್ನು ವಿಂಗಡಿಸಿ ಕೊಡುತ್ತೇವೆ, ಕಣ್ಣು ಕಾಣದವರೂ ಯಾರ ಹಂಗೂ ಇಲ್ಲದೆ ಬಳಸಬಹುದು ಎಂದು ಹೇಳಿಕೊಳ್ಳುವ ಒಂದು ತಂತ್ರಾಂಶವಿದೆ. ವರ್ಷಕ್ಕೆ 2,499 ರೂಪಾಯಿ. ಹೆಸರು ಬರೆಯುತ್ತಿಲ್ಲ, ವಕೀಲರಾಗಿರುವ ಭಾವ ಬೇಡವೆಂದಿದ್ದಾರೆ. ಗುರುತು ಹೇಳುತ್ತೇನೆ: 50 ಹಾಡುಗಳವರೆಗೆ ಉಚಿತ. ಆ ಉಚಿತ ಭಾಗ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಆದ ಎನ್‌ವಿಡಿಎಯಲ್ಲಿ ಅಚ್ಚುಕಟ್ಟಾಗಿ ಓದುತ್ತದೆ. ದುಡ್ಡು ಕಟ್ಟಿದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ. ಇಂಥದ್ದು ಕಂಡರೆ ಅಲ್ಲಿಂದಲೇ ಹಿಂದಿರುಗಿ.

ನನ್ನಲ್ಲಿರುವುದು ಅಂಗಡಿಯಿಂದ ತಂದ ಸಂಗೀತವಲ್ಲ. ಮೈಸೂರಿನ ಎಂಟನೇ ಕ್ರಾಸ್ ಗಣಪತಿ ಉತ್ಸವದ ಕಚೇರಿಗಳಲ್ಲಿ ಅಪ್ಪ ಮುಂದಿನ ಸಾಲಿನಲ್ಲಿ ಕುಳಿತು ಕ್ಯಾಸೆಟ್ಟಿಗೆ ಹಿಡಿದದ್ದು, ಆಕಾಶವಾಣಿಯಿಂದ ಧ್ವನಿಮುದ್ರಿಸಿಕೊಂಡದ್ದು. ಎಲ್ಲವನ್ನೂ ಎಂಪಿ3 ಮಾಡಿಸಿ, ಒಂದೊಂದನ್ನೂ ಕೇಳಿ, ರಾಗ, ತಾಳ, ಹಾಡಿದವರು, ಪಿಟೀಲು, ಮೃದಂಗ, ಗೊತ್ತಿದ್ದರೆ ವರ್ಷ ಎಂದು ಕನ್ನಡದಲ್ಲೇ ಹೆಸರು ಕೊಟ್ಟಿದ್ದೆ. ಒಂದೇ ಕೃತಿಯನ್ನು ಐದಾರು ಜನ ಹಾಡಿರುತ್ತಾರೆ. ಕಣ್ಣಿದ್ದವರು ಕವರಿನ ಚಿತ್ರ ನೋಡಿ ಆರಿಸಿಕೊಳ್ಳಬಹುದು. ನನಗೆ ಇರುವುದು ಹೆಸರೊಂದೇ. ಹೆಸರು ಹೋದರೆ ಆ ಕಡತವನ್ನು ಮತ್ತೆ ಮೊದಲಿನಿಂದ ಕೇಳಿಯೇ ಗುರುತಿಸಬೇಕು.

ಸಂಗ್ರಹ ಬೆಳೆದು ಫೋಲ್ಡರುಗಳಲ್ಲಿ ಹುಡುಕುವುದು ಕಷ್ಟವಾದಾಗ ಈ ತಂತ್ರಾಂಶ ಕಿವಿಗೆ ಬಿತ್ತು. ಉಚಿತ ಆವೃತ್ತಿ ಚೆನ್ನಾಗಿಯೇ ಇತ್ತು, ಅದನ್ನು ಇಲ್ಲವೆನ್ನುವುದಿಲ್ಲ. ಕೆಳ ಬಾಣದ ಕೀಲಿ ಒತ್ತಿದಂತೆ ರಾಗದ ಹೆಸರು, ಹಾಡಿದವರ ಹೆಸರು ಸರಾಗವಾಗಿ ಓದುತ್ತಿತ್ತು. ಖುಷಿಯಲ್ಲಿ ನನ್ನಂತೆಯೇ ಕಣ್ಣು ಕಾಣದ ಸಂಗೀತದ ಮೇಷ್ಟ್ರೊಬ್ಬರಿಗೂ ಹೇಳಿದೆ. ನನ್ನ ಮಾತಿನ ಮೇಲೆ ಅವರೂ ದುಡ್ಡು ಕಟ್ಟಿದರು. ಈಗಲೂ ಅವರಿಗೆ ಫೋನು ಮಾಡಲು ನಾಚಿಕೆಯಾಗುತ್ತದೆ.

ದುಡ್ಡು ಹೋಯಿತು, ಪೂರ್ಣ ಆವೃತ್ತಿ ತೆರೆಯಿತು. ಟ್ಯಾಬ್ ಒತ್ತಿದೆ. ‘ಬಟನ್.’ ಮತ್ತೆ ಟ್ಯಾಬ್. ‘ಬಟನ್.’ ‘ಬಟನ್.’ ‘ಗ್ರಾಫಿಕ್.’ ‘ಬಟನ್.’ ಯಾವ ಬಟನ್? ಯಾತಕ್ಕೆ? ಹೇಳುವವರಿಲ್ಲ. ಉಚಿತ ಆವೃತ್ತಿಯಲ್ಲಿ ಇದ್ದದ್ದು ವಿಂಡೋಸ್‌ನ ಸಾದಾ ಪಟ್ಟಿ, ಅದರ ಹೆಸರುಗಳು ಸ್ಕ್ರೀನ್ ರೀಡರ್‌ಗೆ ತಾವಾಗಿಯೇ ಸಿಗುತ್ತವೆ. ದುಡ್ಡು ಕೊಟ್ಟವರಿಗೆ ಅಂದ ಹೆಚ್ಚಿಸಲು ಗುಂಡಿಗಳನ್ನೆಲ್ಲ ಇವರೇ ಚಿತ್ರವಾಗಿ ಬರೆದಿದ್ದಾರೆ. ಹಾಗೆ ಬರೆದವರು ಪ್ರತಿ ಗುಂಡಿಗೂ ಹೆಸರು ಜೋಡಿಸಿ ಕೊಡಬೇಕು. ಕೊಟ್ಟಿಲ್ಲ. ಅಷ್ಟೇ ಆಗಿದ್ದರೆ ದುಡ್ಡು ಹೋಯಿತೆಂದು ಸುಮ್ಮನಾಗುತ್ತಿದ್ದೆ.

ಸಂಗ್ರಹದ ಫೋಲ್ಡರ್ ತೋರಿಸಿದ ಕೂಡಲೇ ಒಂದು ಪೆಟ್ಟಿಗೆ ಎದ್ದು ನಿಂತಿತು. ‘ಡೈಲಾಗ್. ಬಟನ್.’ ಟ್ಯಾಬ್ ಒತ್ತಿದರೆ ಮತ್ತೊಂದು ‘ಬಟನ್’. ಪ್ರಶ್ನೆ ಏನೆಂದೇ ಓದಲಿಲ್ಲ. ಎನ್‌ವಿಡಿಎಯ ಓಸಿಆರ್ (ಪರದೆಯ ಚಿತ್ರದಿಂದ ಅಕ್ಷರ ಗುರುತಿಸುವ ಸೌಲಭ್ಯ) ಓಡಿಸಿದೆ, ಚೂರು ಚೂರು ಅಕ್ಷರ ಬಂದವು, ತಲೆಬುಡ ತಿಳಿಯಲಿಲ್ಲ. (ಬೂದು ಹಿನ್ನೆಲೆಯ ಮೇಲೆ ಬೂದು ಅಕ್ಷರವಂತೆ, ಆಮೇಲೆ ಅಕ್ಕನ ಮಗ ಹೇಳಿದ. ಕಣ್ಣಿದ್ದವರಿಗೂ ಅದು ಓದಲಿಕ್ಕಲ್ಲ ಎಂದಾಯಿತು.) ಗೊತ್ತಿಲ್ಲದ ಗುಂಡಿ ಮುಟ್ಟಬಾರದೆಂದು ಎಸ್ಕೇಪ್ ಒತ್ತಿದೆ. ಎಲ್ಲ ತಂತ್ರಾಂಶಗಳಲ್ಲೂ ಎಸ್ಕೇಪ್ ಎಂದರೆ ಬೇಡ ಎಂದು ತಾನೇ? ಇವರಲ್ಲಿ ಅಲ್ಲ. ಪೆಟ್ಟಿಗೆ ಮುಚ್ಚಿದರೆ ಒಪ್ಪಿಗೆ!

ಒಪ್ಪಿಗೆ ಯಾತಕ್ಕೆಂದರೆ, ಎಲ್ಲ ಟ್ಯಾಗುಗಳನ್ನು (ಕಡತದೊಳಗೇ ಬರೆದಿಡುವ ರಾಗ, ಹಾಡಿದವರು ಮುಂತಾದ ವಿವರ) ಅವರ ಪಟ್ಟಿಗೆ ಹೋಲಿಸಿ ತಿದ್ದಿ ಬರೆಯಲು, ಆ ಟ್ಯಾಗಿನಂತೆ ಕಡತದ ಹೆಸರನ್ನೂ ಬದಲಿಸಲು. ಅಪ್ಪ ಹಿಡಿದ ಕಚೇರಿ ಯಾವ ಪಟ್ಟಿಯಲ್ಲಿರುತ್ತದೆ ಸ್ವಾಮಿ?

ಅದು ನನಗೆ ತಿಳಿದದ್ದು ಮಾರನೆಯ ದಿನ, ಶಿಷ್ಯೆಯೊಬ್ಬಳಿಗೆ ತೋಡಿ ಆಲಾಪನೆ ಕೇಳಿಸಲು ಹೋದಾಗ. ಬಾಣದ ಕೀಲಿ ಒತ್ತಿದೆ, ಮೌನ. ಮತ್ತೆ ಒತ್ತಿದೆ, ಮೌನ. ಕಂಪ್ಯೂಟರಿನ ಧ್ವನಿಯೇ ಕೆಟ್ಟಿದೆ ಎಂದುಕೊಂಡೆ. ಟ್ಯಾಗ್ ತೆರೆದು ಒಂದೊಂದೇ ಅಕ್ಷರ ಸರಿಸಿದಾಗ ಎನ್‌ವಿಡಿಎ ಹೇಳಿತು: ‘ಕ್ವೆಶ್ಚನ್. ಕ್ವೆಶ್ಚನ್. ಕ್ವೆಶ್ಚನ್.’ ರಾಗದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ, ಹಾಡಿದವರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ. ನಾನು ಚಿಹ್ನೆಗಳನ್ನು ಓದುವ ಮಟ್ಟ ಕಡಿಮೆ ಇಟ್ಟಿರುವುದರಿಂದ ಸಾಲಾಗಿ ಬಂದಾಗ ಅದು ಸುಮ್ಮನಿತ್ತು. ಇವರ ತಂತ್ರಾಂಶ ಟ್ಯಾಗನ್ನು ಯೂನಿಕೋಡ್ ಅಲ್ಲದ ಸಂಕೇತದಲ್ಲಿ ಬರೆಯುತ್ತದೆ. ಕನ್ನಡ ಅದರಲ್ಲಿ ಇಲ್ಲವೇ ಇಲ್ಲ, ಇಲ್ಲದ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ. ಕಡತದ ಹೆಸರಿನಲ್ಲಿ ಆ ಚಿಹ್ನೆಯನ್ನು ವಿಂಡೋಸ್ ಬಿಡುವುದಿಲ್ಲವಾದ್ದರಿಂದ ಅಲ್ಲಿ ‘ಅನ್‌ನೋನ್ ಆರ್ಟಿಸ್ಟ್, ಟ್ರ್ಯಾಕ್ 14’, ‘ಟ್ರ್ಯಾಕ್ 15’. ಅಪ್ಪ ಕಾದು ಕುಳಿತು ಹಿಡಿದ ವಿದ್ವಾಂಸರೆಲ್ಲ ಅನ್‌ನೋನ್ ಆರ್ಟಿಸ್ಟ್!

ಇನ್ನು ಅವರ ಉತ್ತರಗಳು. ಮೊದಲ ಫೋನಿನಲ್ಲಿ: ‘ಮೇಡಂ, ಬಲಗಡೆ ಹಸಿರು ಗುಂಡಿ ಕಾಣುತ್ತಿದೆಯಾ?’ ನನಗೆ ಕಣ್ಣು ಕಾಣುವುದಿಲ್ಲ ಎಂದೆ. ‘ಪರವಾಗಿಲ್ಲ ಮೇಡಂ, ಒಂದು ಸ್ಕ್ರೀನ್‌ಶಾಟ್ ತೆಗೆದು ತೊಂದರೆ ಇರುವ ಜಾಗಕ್ಕೆ ಕೆಂಪು ವೃತ್ತ ಹಾಕಿ ಕಳಿಸಿ.’ ನಗಬೇಕೋ ಅಳಬೇಕೋ. ಇಮೇಲ್ ಬರೆದೆ. ಉತ್ತರ ಬಂತು: ನಮ್ಮದು ಸಂಪೂರ್ಣ ಹೊಂದಿಕೆಯ ಉತ್ಪನ್ನ, ದೊಡ್ಡ ಅಕ್ಷರವೂ ಕಪ್ಪು ಹಿನ್ನೆಲೆಯೂ ಇವೆ. ಕಪ್ಪು ಹಿನ್ನೆಲೆ! ನನಗೆ! ಯಾವ ಸ್ಕ್ರೀನ್ ರೀಡರ್‌ನಲ್ಲಿ ಪರೀಕ್ಷಿಸಿದ್ದೀರಿ, ಎನ್‌ವಿಡಿಎಯೋ ಜಾಸ್ ತಂತ್ರಾಂಶವೋ ಎಂದು ಕೇಳಿದ್ದಕ್ಕೆ ಇಂದಿಗೂ ಉತ್ತರವಿಲ್ಲ. ಎಸ್ಕೇಪ್ ಬಗ್ಗೆ ಕೇಳಿದ್ದಕ್ಕೆ, ‘ಮುಚ್ಚಿದರೆ ಒಪ್ಪಿಗೆ ಎಂದು ಅದೇ ಪೆಟ್ಟಿಗೆಯಲ್ಲಿ ಬರೆದಿದೆ, ದಯವಿಟ್ಟು ಓದಿ.’ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಮಾತೆತ್ತಿದೆ. ‘ನಮ್ಮ ಸರ್ವರ್ ವಿದೇಶದಲ್ಲಿದೆ ಮೇಡಂ.’ ಕೊನೆಗೆ ಸಲಹೆ: ‘ಮನೆಯಲ್ಲಿ ಕಣ್ಣು ಕಾಣುವವರು ಯಾರಾದರೂ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ.’ ಯಾರ ಹಂಗೂ ಇಲ್ಲದೆ ಬಳಸಬಹುದು ಎಂದವರು ಇವರೇ. ಇವರೇ!

ಹಣ ವಾಪಸು ಕೇಳುವ ಅರ್ಜಿಯ ಕೊನೆಯಲ್ಲಿ, ಟ್ರಾಫಿಕ್ ದೀಪವಿರುವ ಚಿತ್ರಗಳನ್ನು ಆರಿಸಬೇಕಿತ್ತು. ಧ್ವನಿಯ ಆಯ್ಕೆ ಇಲ್ಲ. ಅಕ್ಕನ ಮಗ ಬಂದು ಒತ್ತಿ ಕಳಿಸಿದ. ‘ನೀವು ಇಡೀ ಸಂಗ್ರಹವನ್ನು ಈಗಾಗಲೇ ಸಂಸ್ಕರಿಸಿದ್ದೀರಿ, ಆದ್ದರಿಂದ ಹಣ ಮರಳಿಸಲಾಗದು’ ಎಂದು ಬಂತು. ಹಾಳು ಮಾಡಿದ್ದಕ್ಕೆ ಇವರ ಹೆಸರು ಸಂಸ್ಕಾರ.

ಒಂದಿಷ್ಟು ಉಳಿದದ್ದು ಮೇಷ್ಟ್ರಿಂದ. ಹಿಂದೊಮ್ಮೆ ಅವರಿಗೆ ಪೆನ್ ಡ್ರೈವಿನಲ್ಲಿ ಕೊಟ್ಟಿದ್ದ ಹಾಡುಗಳಿಗೆ ಹಳೆಯ ಕನ್ನಡ ಹೆಸರುಗಳು ಹಾಗೆಯೇ ಇದ್ದವು, ಅವರು ಪುಣ್ಯಕ್ಕೆ ಪೂರ್ಣ ಆವೃತ್ತಿಯನ್ನು ಇನ್ನೂ ತೆರೆದಿರಲಿಲ್ಲ. ಅವರ ದುಡ್ಡನ್ನು ನಾನೇ ಕೊಟ್ಟೆ. ಆಕಾಶವಾಣಿಯ ಭಾಗ ಮಾತ್ರ ಆ ಪೆನ್ ಡ್ರೈವಿನಲ್ಲಿ ಇರಲಿಲ್ಲ. ಅದನ್ನು ಈಗ ಮತ್ತೆ ಕೂತು ಕೇಳುತ್ತಿದ್ದೇನೆ. ರಾಗ ಗೊತ್ತಾಗುತ್ತದೆ, ಹಾಡಿದವರೂ ಬಹುತೇಕ ಗೊತ್ತಾಗುತ್ತಾರೆ, ಪಕ್ಕವಾದ್ಯದವರು ಯಾರೆಂದು ಅಪ್ಪನನ್ನು ಕೇಳೋಣವೆಂದರೆ ಅವರಿಲ್ಲ.

ನನ್ನ ಮಾತು ಕೇಳುವುದಾದರೆ, ಕೇಳಲು ಫೂಬಾರ್2000, ಹೆಸರು ತಿದ್ದಲು ಎಂಪಿ3ಟ್ಯಾಗ್. ವಿಂಡೋಸ್‌ನಲ್ಲಿ ಎರಡೂ ಉಚಿತ, ಎರಡೂ ನನ್ನ ಎನ್‌ವಿಡಿಎಯಲ್ಲಿ ಮಾತಾಡುತ್ತವೆ. ಎಂಪಿ3ಟ್ಯಾಗ್‌ನಲ್ಲಿ ಆಲ್ಟ್ ಜೊತೆ 2 ಒತ್ತಿದರೆ ಕಡತದ ಹೆಸರಿನಿಂದಲೇ ಟ್ಯಾಗ್ ತುಂಬಬಹುದು, ಪೆನ್ ಡ್ರೈವಿನ ಹಾಡುಗಳನ್ನು ಸರಿಮಾಡಿಕೊಂಡದ್ದು ಹಾಗೆ. ಯಾವುದೇ ಹೊಸ ತಂತ್ರಾಂಶಕ್ಕೆ ಅಸಲು ಫೋಲ್ಡರ್ ತೋರಿಸಬೇಡಿ, ನಕಲು ತೋರಿಸಿ. ದುಡ್ಡು ಕೇಳುವವರಿಗೆ ಹೇಳಿ, ಕಡತ ಬದಲಿಸುವ ಪರದೆಯನ್ನೇ ಎನ್‌ವಿಡಿಎ ಹಾಕಿ, ಮೌಸ್ ಮುಟ್ಟದೆ, ನನಗೆ ಕೇಳಿಸಿ ಎಂದು. ಒಪ್ಪದಿದ್ದರೆ ಫೋನಿಡಿ.

ಇದಕ್ಕೇ ಈಗಾಗಲೇ ದುಡ್ಡು ಕಟ್ಟಿದವರು ಮುಂದಿನ ವರ್ಷದ ಕಂತನ್ನು ಅವರ ತಂತ್ರಾಂಶದೊಳಗೆ ನಿಲ್ಲಿಸಲು ಹೋಗಬೇಡಿ, ಅಲ್ಲಿಯೂ ಹೆಸರಿಲ್ಲದ ಗುಂಡಿಗಳೇ. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ವಿಭಾಗಕ್ಕೆ ಹೋಗಿ ಅಲ್ಲೇ ರದ್ದು ಮಾಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ನಾನು ಕೊಟ್ಟಿದ್ದೇನೆ. ಅವರ ಇಮೇಲ್‌ಗಳ ಪ್ರತಿ ನನ್ನಲ್ಲಿವೆ, ಕಪ್ಪು ಹಿನ್ನೆಲೆಯದ್ದೂ ಸೇರಿ. ದೂರು ಕೊಡುವವರು ಕೇಳಿದರೆ ಕಳಿಸುತ್ತೇನೆ.