ಬೆಕ್ಕಿನ ಮರಿಗಳ ಹಾಲಿನ ಪುಡಿ: ಪುಡಿ ಉತ್ತಮ, ಬಾಟಲಿ ಸಾಲದು

ಮೈಸೂರಿನ ನಮ್ಮ ಕಾರ್ ಶೆಡ್ಡಿನಲ್ಲಿ ತಾಯಿಯಿಲ್ಲದೆ ಸಿಕ್ಕ, ಕಣ್ಣಿಗೆ ಪಿಸುರು ಕಟ್ಟಿ ಸೀನುತ್ತಿದ್ದ ಮೂರು ಮರಿಗಳನ್ನು ಬೇರೆ ಮನೆ ಸಿಗುವವರೆಗೆ ಸಾಕಲು ಒಪ್ಪಿಕೊಂಡಾಗ, ಪಶುವೈದ್ಯರು ಔಷಧಿಯ ಜೊತೆಗೆ ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಈ ಹಾಲಿನ ಪುಡಿಯನ್ನು ಬರೆದುಕೊಟ್ಟರು. ಹಸುವಿನ ಹಾಲಿನಿಂದ ಮರಿಗಳಿಗೆ ಭೇದಿಯಾಗುವುದುಂಟು, ಇದರಿಂದ ಆಗಲಿಲ್ಲ.

ಪುಡಿಯು ಬೆಚ್ಚಗಿನ ನೀರಿನಲ್ಲಿ ಗಂಟಾಗದೆ ಕರಗುತ್ತದೆ. ಆದರೆ ಜೊತೆಗೆ ಬರುವ ಬಾಟಲಿಯ ನಿಪ್ಪಲ್ಲಿಗೆ ತೂತೇ ಇರುವುದಿಲ್ಲ. ಕಾಯಿಸಿದ ಸೂಜಿಯಿಂದ ನಾವೇ ಚುಚ್ಚಿಕೊಳ್ಳಬೇಕೆಂದು ಡಬ್ಬಿಯ ಮೇಲೆ ಎಲ್ಲಿಯೂ ಬರೆದಿಲ್ಲ. ತೂತು ದೊಡ್ಡದಾದರೆ ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುವುದರಿಂದ ಇದು ಸಣ್ಣ ಲೋಪವಲ್ಲ. ಮರಿಯನ್ನು ಅಂಗಾತ ಹಿಡಿಯದೆ, ಹೊಟ್ಟೆ ಕೆಳಗಾಗಿ ಮಲಗಿಸಿಯೇ ಕುಡಿಸಬೇಕು. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು.

ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗುತ್ತಿದ್ದೆ. ಎರಡು ಮರಿಗಳು ದಿನಕ್ಕೆ 10ರಿಂದ 15 ಗ್ರಾಂ ಏರಿದವು. ಒಂದು ಕಣ್ಣು ಮಸುಕಾಗಿದ್ದ ಮೂರನೆಯದು ಮಾತ್ರ ಐದು ದಿನ 210 ಗ್ರಾಮಿನಲ್ಲೇ ನಿಂತಿತ್ತು. ಆರನೆಯ ರಾತ್ರಿ ಅದು ಬಾಟಲಿಯನ್ನು ಎರಡೂ ಮುಂಗಾಲುಗಳಿಂದ ತಬ್ಬಿ ಕುಡಿದು, ನನ್ನ ಅಂಗೈಯಲ್ಲೇ ನಿದ್ದೆ ಹೋಯಿತು. ಉಳಿದೆರಡಕ್ಕೆ ಒಳ್ಳೆಯ ಮನೆಗಳು ಸಿಕ್ಕಿವೆ. ಈ ಮೂರನೆಯ ಮರಿಯನ್ನು ಕೇಳಿಕೊಂಡು ಬಂದ ದಂಪತಿಯನ್ನು ನಾನೇ ಏನೋ ನೆಪ ಹೇಳಿ ಕಳುಹಿಸಿದೆ.

ಪುಡಿಗೆ ಐದರಲ್ಲಿ ನಾಲ್ಕು ಅಂಕ, ಬಾಟಲಿಗೆ ಒಂದು.