ಟೇಪ್ ಹಚ್ಚಲೋ, ಫೋನ್ ಹಚ್ಚಲೋ: ಕಲ್ಲಿನ ಮನೆಯಲ್ಲಿ ಒಂದು ತಿಂಗಳ ಪರೀಕ್ಷೆ

ಹೋದ ಬ್ಯಾಸಿಗೆಯಲ್ಲಿ ಮಾಳಿಗೆ ಮೇಲಿನ ಖೋಲಿ ಖಾಲಿ ಮಾಡುವ ಕೆಲಸ ಹಿಡಿದೆ. ತಗಡಿನ ಡಬ್ಬಿಗಳ ಹಿಂದೆ ಅಪ್ಪನ ಟೂ-ಇನ್-ಒನ್ (ರೇಡಿಯೋ, ಟೇಪ್ ಎರಡೂ ಇರುವ ಪೆಟ್ಟಿಗೆ) ಸಿಕ್ಕಿತು. ಅದರ ಮಗ್ಗುಲಲ್ಲೇ ನನ್ನ ವಾಕ್‌ಮನ್, ಒಂದು ಸೀಡಿ ಪ್ಲೇಯರ್, ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಎಂಪಿ3 ಪ್ಲೇಯರ್. ಕೆಳಗೆ ಮಗ ತಂದ ಬ್ಲೂಟೂತ್ ಸ್ಪೀಕರ್, ಅವ್ವನಿಗೆಂದು ಕೊಂಡ ಹಾಡು ತುಂಬಿದ ಪೆಟ್ಟಿಗೆ ಮೊದಲೇ ಇದ್ದವು. ಎಲ್ಲವನ್ನೂ ಪಡಸಾಲೆಯಲ್ಲಿ ಸಾಲಾಗಿ ಇಟ್ಟಿದ್ದನ್ನು ನೋಡಿ ಅವ್ವ, "ಏನೋ ತಮ್ಮಾ, ರಿಪೇರಿ ಅಂಗಡಿ ಇಡ್ಲತ್ತಿ ಏನು?" ಅಂದಳು.

ಅಂಗಡಿಯಲ್ಲ, ಮನೆಯ ಒಂದು ಹಳೆ ವಾದ ಮುಗಿಸಬೇಕಿತ್ತು. ಮಗನ ಪಾಲಿಗೆ ಫೋನಿಗಿಂತ ಹಿಂದಿನದೆಲ್ಲ ಭಂಗಾರ, ಗುಜರಿ ಮಾಲು. ನನ್ನ ಗೆಳೆಯನೊಬ್ಬನ ಪಾಲಿಗೆ ಟೇಪಿನ ನಂತರ ಬಂದದ್ದೆಲ್ಲ ಸಪ್ಪೆ. ಇಬ್ಬರೂ ಎರಡನ್ನೂ ಒಂದೇ ಖೋಲಿಯಲ್ಲಿಟ್ಟು ಕೇಳಿದವರಲ್ಲ. ಹಾಗಾಗಿ ಒಂದು ತಿಂಗಳು ಎಲ್ಲದರಲ್ಲೂ ಅವೇ ಮೂರು ಬಾಬತ್ತು ಹಚ್ಚಿದೆ: ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ, ಒಂದು ಹಳೆಯ ಸಿನಿಮಾ ಹಾಡು, ಮತ್ತು ನಮ್ಮ ಕಾಕಾನ ಭಜನಿ ಮೇಳ ಹಾಡಿದ ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಕ್ಯಾಸೆಟ್. ಕಾಕಾನದು ಲೋಕದಲ್ಲಿ ಒಂದೇ ಪ್ರತಿ.

ಮೊದಲ ದಿನವೇ ಒಂದು ಪಾಠವಾಯಿತು, ಅದು ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಕಲಬುರಗಿಯ ಬ್ರಹ್ಮಪುರದ ನಮ್ಮದು ಹಳೆ ಕಲ್ಲಿನ ಮನೆ. ಗೋಡೆ ಎರಡು ಅಡಿ ದಪ್ಪ, ನೆಲಕ್ಕೆ ಶಹಾಬಾದಿ ಪರಸಿ. ನಡುಮನೆಯಲ್ಲಿ ಚಪ್ಪಾಳೆ ಹೊಡೆದರೆ ಗೋಡೆ ತಿರುಗಿ ಹೊಡೆಯುತ್ತದೆ. ಸ್ಪೀಕರಿನಿಂದ ಹೊರಟ ಸದ್ದು ಪರಸಿಗೆ ಬಡಿದು, ಗೋಡೆಗೆ ಬಡಿದು, ಎರಡನೇ ಸಲ ಕಿವಿಗೆ ಬರುತ್ತದೆ. ಮಾತಿನ ಮೇಲೆ ಮಾತು ಬಿದ್ದು ವಚನದ ಅಕ್ಷರ ಕಲಸಿಹೋಗುತ್ತವೆ. ಅವ್ವನ ಎರಡು ಕೌದಿ ತಂದು ನೆಲಕ್ಕೆ ಹಾಸಿದೆ, ಒಂದನ್ನು ಎದುರು ಗೋಡೆಯ ಗೂಟಕ್ಕೆ ತೂಗುಬಿಟ್ಟೆ. ಖರೇ ಹೇಳುತ್ತೇನೆ, ಐನೂರು ರೂಪಾಯಿಯ ಸ್ಪೀಕರಿಗೂ ಐದು ಸಾವಿರದ ಸ್ಪೀಕರಿಗೂ ನಡುವೆ ಕೇಳಿಸಿದ ಫರಕಿಗಿಂತ ಕೌದಿ ಇದ್ದಾಗಿನ ಮತ್ತು ಇಲ್ಲದಾಗಿನ ಫರಕು ದೊಡ್ಡದು. ಮುಂದಿನದೆಲ್ಲ ಕೌದಿ ಹಾಸಿಯೇ ಕೇಳಿದ್ದು.

ಟೂ-ಇನ್-ಒನ್ ಮೊದಲು ಬಾಯಿ ಬಿಡಲೇ ಇಲ್ಲ. ಗುಂಡಿ ಒತ್ತಿದರೆ ಒಳಗೆ ಮೋಟಾರು ಗುಂಯ್ ಎನ್ನುತ್ತದೆ, ರೀಲು ತಿರುಗುವುದಿಲ್ಲ. ಬಿಚ್ಚಿದರೆ ರಬ್ಬರ್ ಬೆಲ್ಟು ಡಾಂಬರಾಗಿ ಚಕ್ರಕ್ಕೆ ಅಂಟಿತ್ತು. ನಮ್ಮೂರ ಮೇ ತಿಂಗಳ 43 ಡಿಗ್ರಿಯನ್ನು ಇಪ್ಪತ್ತು ವರ್ಷ ಮಾಳಿಗೆ ಮೇಲೆ ಉಂಡ ರಬ್ಬರು ಮತ್ತೇನಾದೀತು? ಸೂಪರ್ ಮಾರ್ಕೆಟ್ ಕಡೆಯ ಗಲ್ಲಿಯಲ್ಲಿ ಇನ್ನೂ ಟೇಪ್ ಬಿಚ್ಚುವ ಒಬ್ಬ ಚಾಚಾ ಇದ್ದಾರೆ. ಅವರು ಹಾಕಿದ ಮೊದಲ ಬೆಲ್ಟು ಸ್ವಲ್ಪ ಸಡಿಲ. ಮನೆಗೆ ತಂದು ಹಚ್ಚಿದರೆ ಮನ್ಸೂರರು ಜ್ವರ ಬಂದವರಂತೆ ಹಾಡಿದರು. ಅವ್ವ ಅಡುಗೆಮನೆಯಿಂದಲೇ, "ಯಾಕ ಹಿಂಗ ನರಳ್ಲತ್ತಾರ ಅವ್ರು?" ಅಂದಳು.

ಕ್ಯಾಸೆಟ್ಟಿನ ಲೆಕ್ಕ ಸರಳ, ಆದರೆ ಭಾಳ ಬಿಗಿ. ಫಿಲಿಪ್ಸ್ 1963ರಲ್ಲಿ ಹೊರತಂದಾಗಿನಿಂದ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಬೇಕು. ಬೆಲ್ಟು ಜಾರಿ ವೇಗ ತಗ್ಗಿದರೆ ಶ್ರುತಿ ತಗ್ಗುತ್ತದೆ. ವೇಗ ಹೆಚ್ಚುಕಡಿಮೆಯಾದರೆ ಶ್ರುತಿ ತೂಗುತ್ತದೆ. ಸಿನಿಮಾ ಹಾಡಿನ ಗದ್ದಲದಲ್ಲಿ ಇದು ಮುಚ್ಚಿಹೋಗುತ್ತದೆ, ತಂಬೂರಿಯ ಎಳೆದ ನಾದದಲ್ಲಿ ಮಾತ್ರ ಬೆತ್ತಲಾಗುತ್ತದೆ. ಹಳೆ ಟೇಪ್ ಕೊಳ್ಳುವವರಿದ್ದರೆ ತಂಬೂರಿಯೋ ಹಾರ್ಮೋನಿಯಮ್ಮೋ ಇರುವ ಕ್ಯಾಸೆಟ್ ಒಯ್ದು ಪರೀಕ್ಷಿಸಿ, ಮಾರುವವನ ಮಾತು ಕೇಳಬೇಡಿ.

ಎರಡನೇ ಬೆಲ್ಟು ಸರಿಯಾಯಿತು. ಟೇಪನ್ನು ಓದುವ ಹೆಡ್ಡಿಗೆ ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿದರೆ ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ಟೇಪಿನ ತುಕ್ಕಿನ ಪುಡಿ ಅದು. ಆಮೇಲೆ ಚಾಚಾ ಸಣ್ಣ ಸ್ಕ್ರೂಡ್ರೈವರಿನಿಂದ ಹೆಡ್ಡಿನ ಪಕ್ಕದ ಮೊಳೆಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಕಂಬಳಿ ಹೊದ್ದು ಹಾಡುತ್ತಿದ್ದವರು ಕಂಬಳಿ ತೆಗೆದಂತಾಯಿತು. ಹೆಡ್ಡು ಟೇಪಿಗೆ ನೆಟ್ಟಗೆ ನಿಲ್ಲದಿದ್ದರೆ ತಾರಕದ ಸದ್ದೆಲ್ಲ ಸೋರಿಹೋಗುತ್ತದೆ. ರಿಪೇರಿಯಾದ ಮೇಲೆ ಹಿನ್ನೆಲೆಯ ಸ್ ಎನ್ನುವ ಸದ್ದು ಉಳಿದೇ ಇತ್ತು. ಆದರೆ ಒಬ್ಬನೇ ಗಾಯಕನ ದನಿಗೆ ಆ ಅಗಲವಾದ ಕಾಗದದ ಸ್ಪೀಕರ್ ಕೊಡುವ ಮೈ, ಉಳಿದ ಯಾವ ಪೆಟ್ಟಿಗೆಯೂ ಕೊಡಲಿಲ್ಲ. ಗೆಳೆಯ ಹೇಳಿದ್ದು ಇಷ್ಟರ ಮಟ್ಟಿಗೆ ನಿಜ. ಸಿನಿಮಾ ಹಾಡಿನಲ್ಲಿ ಅವನು ಸೋತ. ವಾದ್ಯಗಳೆಲ್ಲ ಒಂದೇ ಮುದ್ದೆ.

ಇನ್ನೊಂದು ಗುಣ ಅದಕ್ಕಿತ್ತು: ಕೆಂಪು ಗುಂಡಿ. ನನ್ನ ಸಾಲಿನಲ್ಲಿ ಮನೆಯ ಹಾಡನ್ನು ಮನೆಯಲ್ಲೇ ಹಿಡಿದಿಟ್ಟ ಪೆಟ್ಟಿಗೆ ಅದೊಂದೇ. ಕಾಕಾನ ಭಜನಿ ಅದರ ಸಣ್ಣ ಮೈಕಿನಲ್ಲೇ ಮುದ್ರಣವಾದದ್ದು. ಸದ್ದು ತಗ್ಗಿದಾಗ ತಾನೇ ಏರಿಸಿ, ಏರಿದಾಗ ತಾನೇ ತಗ್ಗಿಸುವ ಏರ್ಪಾಡು ಆ ಮಷಿನ್‌ಗಳಲ್ಲಿರುತ್ತಿತ್ತು. ಹಾಗಾಗಿ ದಮ್ಮಡಿ ನಿಂತ ಕೂಡಲೇ ಓಣಿಯ ನಾಯಿ ಮೇಳದವರಿಗಿಂತ ಜೋರಾಗಿ ಬೊಗಳುತ್ತದೆ, ಯಾರೋ "ಚಾ ತಗೊಂಬರ್ರಿ" ಅನ್ನುವುದು ಪಲ್ಲವಿಯಷ್ಟೇ ಸ್ಪಷ್ಟ ಕೇಳಿಸುತ್ತದೆ.

ವಾಕ್‌ಮನ್ ವಿಷಯಕ್ಕೆ ಬಂದರೆ, ಸೋನಿ ಮೊದಲನೆಯದನ್ನು 1979ರ ಜುಲೈನಲ್ಲಿ ಜಪಾನಿನಲ್ಲಿ 33,000 ಯೆನ್‌ಗೆ ಮಾರಿತು. ಅದರಲ್ಲಿ ರೆಕಾರ್ಡ್ ಮಾಡುವ ಗುಂಡಿ ಇರಲಿಲ್ಲ, ಸ್ಪೀಕರೂ ಇರಲಿಲ್ಲ. ಬದಲಿಗೆ ಇಬ್ಬರು ಕೂಡಿ ಕೇಳಲೆಂದು ಎರಡು ಇಯರ್‌ಫೋನ್ ತೂತುಗಳಿದ್ದವು. ನನ್ನದು ಹೆಸರಿಲ್ಲದ ನಕಲು, ಒಂದೇ ತೂತು. ಶಹಾಬಾದಿಗೆ ಪ್ಯಾಸೆಂಜರ್ ರೈಲಿನಲ್ಲಿ ಮಾಸ್ತರಿಕೆಗೆ ಹೋಗುತ್ತಿದ್ದ ದಿನಗಳಲ್ಲಿ ಅದೇ ಸಂಗಾತಿ. ಈಗ ಮತ್ತೆ ಅದೇ ರೈಲಿನಲ್ಲಿ ಒಯ್ದೆ. ಕಿಸೆಯಲ್ಲಿ ಸುಮ್ಮನಿದ್ದರೆ ಬೇಶ್. ಕೈಯಲ್ಲಿ ಹಿಡಿದು ಬೀಸಿ ನಡೆದರೆ ಹಾಡೂ ಬೀಸುತ್ತದೆ. ಎರಡು ಸಣ್ಣ ಶೆಲ್ಲು ಬೇಗ ಕುಗ್ಗಿದವು. ಮುಂದೆ ಓಡಿಸಲು ಶೆಲ್ಲು ಖರ್ಚು ಮಾಡುವುದಕ್ಕಿಂತ ಕ್ಯಾಸೆಟ್ಟಿಗೆ ಪೆನ್ಸಿಲ್ ಚುಚ್ಚಿ ತಿರುಗಿಸುವುದೇ ವಾಸಿ ಎಂಬ ಹಳೆ ಬುದ್ಧಿ ಬೆರಳಿಗೆ ತಾನಾಗಿ ನೆನಪಾಯಿತು. ಎದುರು ಸೀಟಿನ ಹುಡುಗ ಅದನ್ನು ನೋಡಿ ವಿಡಿಯೋ ಮಾಡಿಕೊಂಡ.

ಸೀಡಿ ಪ್ಲೇಯರಿಗೆ ಹೆಚ್ಚು ಮಾತು ಬೇಡ. ಮನೆಯಲ್ಲಿ, ಮೇಜಿನ ಮೇಲೆ, ಇಯರ್‌ಫೋನಿನಲ್ಲಿ ಎಲ್ಲಕ್ಕಿಂತ ಶುದ್ಧ ಸದ್ದು ಅದರದೇ. ಸೆಕೆಂಡಿಗೆ 44,100 ಸಲ ಅಳೆದಿಟ್ಟ ಸದ್ದು, ಹಿನ್ನೆಲೆಯಲ್ಲಿ ಸುಂಯ್ ಎನ್ನುವುದೇ ಇಲ್ಲ. ರೈಲಿನಲ್ಲಿ ಮಾತ್ರ ಹಳಿ ಬದಲಾದಾಗೆಲ್ಲ ಬಿಕ್ಕಳಿಕೆ. ಕೆಲವು ಸೆಕೆಂಡು ಮುಂಚಿತವಾಗಿ ಓದಿಟ್ಟುಕೊಳ್ಳುವ ಸೌಲಭ್ಯ ಅದಕ್ಕಿದೆ, ಆದರೆ ಆಳಂದ ರಸ್ತೆಯ ಆಟೋದಲ್ಲಿ ಆ ಉಳಿತಾಯವೂ ಸಾಲಲಿಲ್ಲ. ಪೇಟೆಯಲ್ಲಿ ಅದರ ಕಾಲ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಎಂಪಿ3 ಪ್ಲೇಯರ್ ಹತ್ತಿರ ನಾನು ಹೆಚ್ಚು ದಿನ ಕಳೆದೆ. ಅದರ ಬ್ಯಾಟರಿ ಕಡಬಿನಂತೆ ಉಬ್ಬಿತ್ತು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗಂತೂ ಹಾಕಲೇಬಾರದು. ಮೊಬೈಲ್ ರಿಪೇರಿಯವನ ಹತ್ತಿರ ಬೇರೆ ಹಾಕಿಸಿದೆ. ಆಮೇಲೆ ಕಾಕಾನ ಕ್ಯಾಸೆಟ್ಟನ್ನು ಟೂ-ಇನ್-ಒನ್ನಿನ ಇಯರ್‌ಫೋನ್ ತೂತಿನಿಂದ ತಂತಿ ಎಳೆದು ಲ್ಯಾಪ್‌ಟಾಪಿಗೆ ಇಳಿಸಿದೆ. ಮೊದಲ ಸಲ ವಾಲ್ಯೂಮ್ ಅರ್ಧಕ್ಕಿಟ್ಟು ಕೆಟ್ಟೆ, ಮೈಕ್ ತೂತಿಗೆ ಅದು ವಿಪರೀತವಾಗಿ ದನಿ ಒಡೆದು ಬಂತು. ಒಂದರ ಹತ್ತಿರ ಇಟ್ಟಾಗ ಸರಿಹೋಯಿತು.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಬೆಳೆಸಿದ ಈ ಎಂಪಿ3 ವಿದ್ಯೆಯ ಮೂಲ ಒಂದು ಜಾಣತನ: ದೊಡ್ಡ ಸದ್ದಿನ ಮಗ್ಗುಲಲ್ಲಿ ಅಡಗಿದ ಸಣ್ಣ ಸದ್ದು ಕಿವಿಗೆ ಹೇಗೂ ಬೀಳದು, ಅದನ್ನು ಬಿಟ್ಟುಬಿಡು. ಎಷ್ಟು ಬಿಡಬೇಕು ಎಂಬುದೇ ಎಲ್ಲ. 64 ಕೆಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 64 ಕಿಲೋಬಿಟ್‌ನಂತೆ ಇಟ್ಟಾಗ, ಕಾಕಾನ ಒಂದು ತಾಸಿನ ಭಜನಿ 29 ಎಂಬಿಯೊಳಗೆ ಕೂತಿತು, ಆದರೆ ತಾಳದ ಕಿಣಿಕಿಣಿ ಎಣ್ಣೆಯಲ್ಲಿ ಮಿರ್ಚಿ ಬಿಟ್ಟಂತೆ ಚುರುಗುಟ್ಟಿತು. 192ರಲ್ಲಿ ತಾಳ ತಾಳವಾಯಿತು, ಜಾಗ 86 ಎಂಬಿ. 60 ನಿಮಿಷದ ಕ್ಯಾಸೆಟ್ಟಿನಲ್ಲಿ, ಮಗ್ಗುಲಿಗೆ 30 ನಿಮಿಷದಂತೆ, ಓಡುವ ಟೇಪಿನ ಉದ್ದ ಲೆಕ್ಕ ಹಾಕಿ ನೋಡಿ, ಅದೂ ಸುಮಾರು 86 ಮೀಟರ್. ಮೀಟರಿಗೊಂದು ಎಂಬಿ! ಇದರಲ್ಲಿ ಯಾವ ತತ್ವವೂ ಇಲ್ಲ, ಕಾಕಾ ಇದ್ದಿದ್ದರೆ ಹುಡುಕಿ ತೆಗೆಯುತ್ತಿದ್ದ.

ಆ್ಯಪಲ್ 2001ರ ಅಕ್ಟೋಬರಿನಲ್ಲಿ 5 ಜಿಬಿಯ ಐಪಾಡ್ ತಂದು ಸಾವಿರ ಹಾಡು ಕಿಸೆಯಲ್ಲಿ ಎಂದಿತು, 2022ರಲ್ಲಿ ಅದರ ತಯಾರಿಕೆ ನಿಲ್ಲಿಸಿತು. ನಮ್ಮ ಓಣಿಗೆ ಅದು ಬರಲೇ ಇಲ್ಲ. ಬಂದದ್ದು ಮೆಮೊರಿ ಕಾರ್ಡು, ಅದಕ್ಕೆ ಹಾಡು ತುಂಬಿಕೊಡುವ ಮೊಬೈಲ್ ಅಂಗಡಿ. ಹತ್ತಿಪ್ಪತ್ತು ರೂಪಾಯಿಗೆ ತುಂಬಿದ ಆ ಹಾಡುಗಳ ಗುಣಮಟ್ಟ ಹೇಗಿತ್ತೆಂದು ಈಗ ಅರ್ಥವಾಗುತ್ತಿದೆ. ಎಂಪಿ3 ಎಂದರೆ ಕೆಟ್ಟ ಸದ್ದು ಎಂದು ನಾವು ಅಂದುಕೊಂಡದ್ದು ಆ ಕಾರ್ಡುಗಳಿಂದ. ರೈಲಿಗೆ ಮಾತ್ರ ನನ್ನ ಆಯ್ಕೆ ಈಗಲೂ ಈ ಬೆಂಕಿಪೆಟ್ಟಿಗೆಯೇ, ಫೋನಲ್ಲ. ಕಿಸೆಯೊಳಗೆ ಕೈ ಹಾಕಿ ಗುಂಡಿ ತಡವಿ ಹಾಡು ಬದಲಿಸಬಹುದು, ನಡುವೆ ಯಾರದೂ ಕರೆ ಬರುವುದಿಲ್ಲ.

ಬ್ಲೂಟೂತ್ ಸ್ಪೀಕರ್ ಮಗನ ಹೆಮ್ಮೆ. ಸಿನಿಮಾ ಹಾಡಿನಲ್ಲಿ ಅದು ಎಲ್ಲರನ್ನೂ ಮೀರಿಸಿತು, ಒಪ್ಪಲೇಬೇಕು. ಮುಷ್ಟಿಯಷ್ಟು ಡಬ್ಬಿ, ಹೊಟ್ಟೆಯಲ್ಲಿ ಢಂ ಎನ್ನುತ್ತದೆ. ಆ ಢಂ ಎಲ್ಲಿಂದ ಬರುತ್ತದೆಂದು ನೋಡಿದರೆ ಎರಡೂ ತುದಿಗಳಲ್ಲಿ ತಂತಿಯಿಲ್ಲದ ರಬ್ಬರ್ ಪೊರೆಗಳಿವೆ, ಒಳಗಿನ ಗಾಳಿಯ ಒತ್ತಡಕ್ಕೇ ನಡುಗುತ್ತವೆ. ವಚನದಲ್ಲಿ ಮಾತ್ರ ಅದೇ ಢಂ ತಬಲಾವನ್ನು ಡೊಳ್ಳು ಮಾಡಿ ಗಾಯಕನನ್ನು ಹಿಂದಕ್ಕೆ ತಳ್ಳಿತು. ಡಬ್ಬದ ಮೇಲೆ ಹತ್ತು ಮೀಟರ್ ದೂರದವರೆಗೆ ಎಂದು ಬರೆದಿದ್ದಾರೆ. ಬರೆದವರು ಕಲ್ಲಿನ ಮನೆ ಕಂಡಿರಲಿಕ್ಕಿಲ್ಲ. ಮಗ ಫೋನು ಹಿಡಿದು ಅಡುಗೆಮನೆಗೆ ಹೋದರೆ ಪಡಸಾಲೆಯಲ್ಲಿ ಹಾಡು ತುಂಡುತುಂಡು. ಎರಡು ಅಡಿ ಕಲ್ಲಿನಲ್ಲಿ ಆ ಅಲೆ ಇಂಗಿಹೋಗುತ್ತದೆ. "ಫೋನ್ ಅಲ್ಲೇ ಇಟ್ಟು ಹೋಗು" ಎಂದರೆ ಅವನಿಗೆ ಅದು ಶಿಕ್ಷೆ. (ಅವನ ಗೆಳೆಯನ ಮನೆಯ ಐದು ಸ್ಪೀಕರಿನ ಹೋಮ್ ಥಿಯೇಟರೂ ಒಂದು ರಾತ್ರಿ ನಮ್ಮಲ್ಲಿಗೆ ಬಂದಿತ್ತು. ಕಪಾಟಿನ ಸ್ಟೀಲ್ ತಾಟುಗಳು ಕೂಡ ಹಾಡಿದವು. ಬೆಳಿಗ್ಗೆ ಮರಳಿಸಿದೆ.)

ಉಳಿದದ್ದು ಅವ್ವನ ಪೆಟ್ಟಿಗೆ. ಸಾರೆಗಾಮಾ ಕಂಪನಿ 2017ರಲ್ಲಿ ಐದು ಸಾವಿರ ಹಳೆ ಹಾಡು ತುಂಬಿದ ಕಾರವಾನ್ ತಂದ ಮೇಲೆ ಅಂಥವುಗಳ ಹಿಂಡೇ ಹುಟ್ಟಿತು. ನಮ್ಮ ಮನೆಯದು ಆ ಹಿಂಡಿನ ಹೆಸರಿಲ್ಲದ ಒಂದು. ಸದ್ದು ಸಾಧಾರಣ, ಚಾರ್ಜ್ ತೂತು ಆರು ತಿಂಗಳಿಗೇ ಸಡಿಲವಾಯಿತು. ಆದರೆ ಅವ್ವ ಯಾರ ಸಹಾಯವೂ ಇಲ್ಲದೆ ನಡೆಸುವ ಪೆಟ್ಟಿಗೆಗಳಲ್ಲಿ ಅದು ಎರಡನೆಯದು. ಮೊದಲನೆಯದು ಟೂ-ಇನ್-ಒನ್. "ಇದರಾಗ ಬೇಕಾದ ಹಾಡ ಬರಬೇಕಂದ್ರ ಹತ್ತು ಬ್ಯಾಡಾದವು ಕೇಳಬೇಕು. ಕ್ಯಾಸೆಟ್ಟಿನಾಗ ಯಾವುದರ ಹಿಂದ ಯಾವುದು ಅಂತ ನನಗ ಬಾಯಿಪಾಠ ಅದ" ಅಂದಳು. ಪರದೆ ಇಲ್ಲದ ಕಾಲದಲ್ಲಿ ಹಾಡುಗಳ ಪಟ್ಟಿ ಕೇಳುವವರ ತಲೆಯಲ್ಲಿರುತ್ತಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ.

ತಿಂಗಳ ಕೊನೆಗೆ ಟೂ-ಇನ್-ಒನ್ನಿಗೆ ಆರು ದೊಡ್ಡ ಶೆಲ್ಲು ಹಾಕಿ ರೇಡಿಯೋ ಕಡೆ ತಿರುಗಿಸಿದೆ. ಮುಳ್ಳಿನ ಪಟ್ಟಿಯ ಮೇಲೆ 1107ರ ಹತ್ತಿರ ಅಪ್ಪ ಇಟ್ಟ ಕೆಂಪು ನೇಲ್ ಪಾಲಿಶ್ ಚುಕ್ಕೆ ಹಾಗೇ ಇದೆ, ಆಕಾಶವಾಣಿ ಕಲಬುರಗಿಯ ಗುರುತು. ಮೀಡಿಯಂ ವೇವ್ ಹಚ್ಚಿದರೆ ಬರೀ ಕಿರ್ರೋ ಎನ್ನುವ ಗಲಾಟೆ. ರೇಡಿಯೋ ಕೆಟ್ಟಿದೆ ಎಂದುಕೊಂಡು ಪೆಟ್ಟಿಗೆಯನ್ನು ಪೂರ್ವಕ್ಕೆ, ಪಶ್ಚಿಮಕ್ಕೆ ತಿರುಗಿಸಿದೆ. ಒಳಗಿನ ಕಡ್ಡಿ ಆಂಟೆನಾಕ್ಕೆ ದಿಕ್ಕು ಮುಖ್ಯ. ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನು ನಿಂತಿತು, ಮಗ ಗೊಣಗಿದ, ರೇಡಿಯೋದಲ್ಲಿ ಹಾಡು ಥಟ್ಟನೆ ತಿಳಿಯಾಗಿ ಬಂತು. ಗಲಾಟೆಯ ಮೂಲ ಮನೆಯ ನಾಲ್ಕು ಮೊಬೈಲ್ ಚಾರ್ಜರ್‌ಗಳು ಮತ್ತು ಎಲ್‌ಇಡಿ ಬಲ್ಬುಗಳು.

ಅವ್ವ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಪೆಟ್ಟಿಗೆಯ ಹತ್ತಿರ ಸರಿದು ಕೂತಳು. ಸ್ವಲ್ಪ ಹೊತ್ತಿನಲ್ಲಿ ಓಣಿಯ ಆ ತುದಿಯಲ್ಲಿ ಯಾರೋ "ಬಂತು, ಬಂತು" ಎಂದು ಕೂಗಿದರು. "ಬಂದ್ರ ಬರ್ಲಿ," ಅಂದಳು ಅವ್ವ, ಮೊಮ್ಮಗನ ಕಡೆ ನೋಡಿ, "ಆ ಚಾರ್ಜರ್ ಹಚ್ಚಬ್ಯಾಡಪಾ ಈಗೇ. ಹಾಡ ಇನ್ನಾ ಮುಗದಿಲ್ಲ."